ಹಾಡಿನ ಯಂತ್ರಕ್ಕೆ ಬಂದ ಆತುರ

ಒಂದು ಹಾಡು ಮುಗಿದು ಇನ್ನೊಂದು ಶುರುವಾಗಲು ಯಂತ್ರ ಬಹಳ ಹೊತ್ತು ತೆಗೆದುಕೊಳ್ಳುತ್ತದೆ ಎಂಬ ದೂರಿನಿಂದ ಲಿಯಾವ್ ಶಿ-ಫಾಂಗನ ಶುಕ್ರವಾರ ಕೆಟ್ಟಿತು. ತೈಚುಂಗ್ ನಗರದಲ್ಲಿ ಅವನಿದ್ದ ಪುಟ್ಟ ಕಂಪನಿ ಕರಾವೋಕೆ ಯಂತ್ರ ಮಾಡುತ್ತಿತ್ತು. ಅದರೊಳಗೆ ಹಾಡಿನ ಫೈಲುಗಳನ್ನು ಓದಿ ಬರೆಯುವ ಸಿ ಲೈಬ್ರರಿ ನೋಡಿಕೊಳ್ಳುವವನು ಅವನೊಬ್ಬನೇ. ಹಾಗಾಗಿ ಬೈಗುಳದಲ್ಲಿ ಪಾಲು ಕೇಳುವವರೂ ಇರಲಿಲ್ಲ.

"ಸಂಜೆ ಕೇ ಅಮ್ಮನವರ ಹಾಡಿನ ಹಾಲ್‌ನಲ್ಲಿ, ಅಲ್ಲಿನ ಆಮೆ ನಡಿಗೆಯ ಹಳೇ ಮೆಷೀನ್ ಬದಲಿಗೆ ಇದನ್ನ ತೋರಿಸ್ಬೇಕು. ಅಷ್ಟರಲ್ಲಿ ಇದು ಓಡ್ಲಿಲ್ಲ ಅಂದ್ರೆ ಆರ್ಡರ್ ಹೋಯ್ತು, ಅದರ ಹಿಂದೇನೇ ನೀನೂ!" ಎಂದರು ಯಜಮಾನ ಪೆಂಗ್.

ಲಿಯಾವ್ ಕೋಡ್ ತೆರೆದ. ಫೈಲಿನಲ್ಲಿ ಜಾಗ ಬದಲಿಸಿದಾಗಲೆಲ್ಲ, ಡಿಸ್ಕಿನಿಂದ ತಂದು ಕೈಗೆಟುಕುವಂತೆ ಇಟ್ಟುಕೊಂಡ ಬಫರನ್ನು ಎಸೆದು ಮತ್ತೆ ಡಿಸ್ಕಿಗೆ ಓಡುವಂತೆ ಯಾರೋ ಮಹಾಶಯ ಬರೆದಿದ್ದ. ಕೆಳಗೆ ಹೆಸರು ನೋಡಿದರೆ, ಮಹಾಶಯ ತಾನೇ.

"ಏನೋ ಅದು?" ಪಕ್ಕದ ಮೇಜಿನ ಸು-ಯೂಯೆ ಅಕ್ಕ ಕತ್ತು ಚಾಚಿದಳು.

"ಕಡುಬಿನ ತಟ್ಟೆ ಮುಂದೇನೇ ಇದೆ ಅಂದ್ಕೊಳ್ಳಿ ಅಕ್ಕಾ. ಒಂದು ತಿಂದು, ಮಿಕ್ಕಿದ್ದೆಲ್ಲ ಚೆಲ್ಲಿ, ಇನ್ನೊಂದಕ್ಕೆ ಮತ್ತೆ ಅಂಗಡಿಗೆ ಓಡ್ತಿದ್ದೀನಿ."

"ನೀನು ಹಾಗೆ ಮಾಡೋನೇ ಬಿಡು."

ಬೇಕಾದ ಜಾಗ ಬಫರಿನಲ್ಲೇ ಇದ್ದರೆ ಡಿಸ್ಕಿನ ತಂಟೆಗೆ ಹೋಗದಂತೆ ಅವನು ತಿದ್ದಿದ. ಹಾಡುಗಳು ಒಂದರ ಬೆನ್ನಿಗೊಂದು ಬಾಲಕ್ಕೆ ಪಟಾಕಿ ಕಟ್ಟಿದ ಬೆಕ್ಕಿನಂತೆ ಹಾರಿದವು. ಪರೀಕ್ಷೆಗೆಂದು ಅಕ್ಕ ಎರಡು ಸಲ ಹಾಡಿದಳು. ಎರಡನೆಯ ಸಲ ತೆರೆಯ ಮೇಲೆ ಮೂಡಿತು: 'ನಿನ್ನ ಕಣ್ಣುಗಳಿಗೆ ನಲವತ್ತೊಂದು ಅಂಕ.'

"ನನ್ನ ಕಣ್ಣಿಗೆ ನಲವತ್ತೊಂದೇನೋ?"

ಹಾಡಿದವರಿಗೆ ಯಂತ್ರ ಕೊಡುವ ಅಂಕಗಳೂ ಹಾಡಿನ ಸಾಹಿತ್ಯವೂ ಒಂದೇ ಫೈಲಿನಲ್ಲಿದ್ದವು. ಬಫರಿನಲ್ಲಿ ಬರೆದಿದ್ದನ್ನು ಡಿಸ್ಕಿಗೆ ಸೇರಿಸದೆಯೇ ಜಾಗ ಬದಲಿಸುವಂತೆ ಅವನು ತಿದ್ದಿದ್ದ. ಮೊದಲ ಸಲದ ಅಂಕ ಹೋಗಿ ಪ್ರೇಮಗೀತೆಯ ನಡುವೆ ಕೂತಿತ್ತು. ಅಕ್ಕನಿಗೆ ಮೂರು ಸಲ ಕ್ಷಮೆ ಕೇಳಿ, ಕೋಡನ್ನು ಒಂದು ಸಲ ತಿದ್ದಿ, ಯಂತ್ರ ಹೊತ್ತು ಪೆಂಗ್ ಜೊತೆ ಹೊರಟ.

ಕೇ ಅಮ್ಮನ ಹಾಲ್‌ಗೆ ಬರುವವರೆಲ್ಲ ಎಪ್ಪತ್ತು ದಾಟಿದವರು. ಮೊದಲು ತೂ ತಾತ ಎದ್ದರು. ಅವರು ಜೇಬಿನಿಂದ ಕನ್ನಡಕ ತೆಗೆಯುವಷ್ಟರಲ್ಲಿ ಪಲ್ಲವಿ ಮುಗಿದಿತ್ತು. ಮುಂದಿನ ಹಾಡು ಆ-ಹೋ ಅಜ್ಜಿಯದು. ಅಜ್ಜಿ ಬಾಯಲ್ಲಿದ್ದ ಕಲ್ಲಂಗಡಿ ಬೀಜ ಉಗುಳುವ ಮೊದಲೇ ಚರಣ ಓಡಿಹೋಯಿತು. ಚಪ್ಪಾಳೆಗೂ ಬಿಡುವಿರಲಿಲ್ಲ.

"ಏನ್ರೀ ಪೆಂಗ್, ನಮ್ಮೋರನ್ನ ಓಟದ ಪಂದ್ಯಕ್ಕೆ ಇಳಿಸಿದ್ದೀರಾ?" ಕೇ ಅಮ್ಮ ಕೆರಳಿದರು.

"ಪ್ರತಿ ಹಾಡಿಗೂ ಮೊದಲು ಐದು ಸೆಕೆಂಡ್ ನಿಲ್ಲೋ ಹಾಗೆ ಮಾಡ್ತೀನಮ್ಮ," ಎಂದ ಲಿಯಾವ್.

"ಐದು ಸೆಕೆಂಡಲ್ಲಿ ತಾತನ ಒಂದು ತೋಳೂ ಕೋಟಿಂದ ಹೊರಗೆ ಬರಲ್ಲಪ್ಪ. ಒಬ್ಬೊಬ್ಬರದೂ ಒಂದೊಂದು ಹೊತ್ತು. ಮುಖ ನೋಡಿ ಶುರು ಮಾಡೋಕೆ ಮನುಷ್ಯನೇ ಬೇಕು."

ಪೆಂಗ್ ಮುಖ ಅರಳಿತು. "ಅದಕ್ಕೇನಮ್ಮ! ಇವನಿದ್ದಾನಲ್ಲ. ವಾರಕ್ಕೆ ಮೂರು ಸಂಜೆ ಕಳಿಸ್ತೀನಿ. ಆರ್ಡರ್‌ಗೆ ಸಹಿ ಹಾಕಿ!"

ಆರ್ಡರ್ ಉಳಿಯಿತು. ಲಿಯಾವ್ ಕೈಗೆ ರಿಮೋಟು ಬಂತು. ಅವನು ಕನ್ನಡಕ ಹುಡುಕಿಕೊಟ್ಟ, ಚಹಾ ಗುಟುಕು ಇಳಿಯುವವರೆಗೆ ಕಾದ, ಚಪ್ಪಾಳೆಯನ್ನು ಪೂರ್ತಿ ಮುಗಿಯಗೊಟ್ಟ. ಎಲ್ಲ ಸರಿಯಾಯಿತೆಂದು ಬೆವರು ಒರೆಸಿಕೊಳ್ಳುತ್ತಿದ್ದಾಗ, ಮೈಕ್ ಹಿಡಿದು ನಿಂತಿದ್ದ ಆ-ಹೋ ಅಜ್ಜಿಯ ದನಿ ಹಾಲ್ ತುಂಬ ಮೊಳಗಿತು:

"ಯಾರಪ್ಪಾ ಈ ಹುಡುಗ? ಹಳೇ ಮೆಷೀನೇ ಇವನಿಗಿಂತ ಚುರುಕಾಗಿತ್ತು!"