ಮನೆ ನೋಡಲು ಹೊರಟ ತಲೆದಿಂಬು

ನನ್ನ ಸೋದರಮಾವ ಹಗಲು ಹೊತ್ತಿನಲ್ಲಿ ಮಲಗಿ ಗೊರಕೆ ಹೊಡೆದ ಪರರ ಮನೆಗಳು ನಲವತ್ತಕ್ಕೆ ಕಡಿಮೆಯಿಲ್ಲ. ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ಕಡೆ ಹರಡಿಕೊಂಡಿದ್ದ ಆ ಮನೆಗಳಲ್ಲಿ ಒಂದೂ ಅವನದಲ್ಲ. ಒಂದರಲ್ಲೂ ಅವನಿಗೆ ನೆಂಟರಿರಲಿಲ್ಲ. ಆದರೂ ಆ ಮನೆಯವರು ಅವನನ್ನು ಹೊರಗೆ ಹಾಕಲಿಲ್ಲ. ಚಾಪೆ ಹಾಸಿದರು, ಬೀಸಣಿಕೆ ಕೊಟ್ಟರು, ಎದ್ದ ಮೇಲೆ ಚಹಾ ಮಾಡಿಕೊಟ್ಟರು. ಇಂಥ ಭಾಗ್ಯ ನಿಮಗುಂಟೇ? ನನಗಂತೂ ಇಲ್ಲ. ನನ್ನ ಸ್ವಂತ ಮನೆಯಲ್ಲಿ ನಾನು ಮಧ್ಯಾಹ್ನ ಒಂದರ್ಧ ತಾಸು ಅಡ್ಡಾದರೆ ಹೆಂಡತಿ ಪಾತ್ರೆಗಳ ಬಾಯಿಂದ ಮಾತಾಡಿಸುತ್ತಾಳೆ!

ಮಾಮಾ ಕನ್ನಡ ಶಾಲೆಯ ಮಾಸ್ತರ. ಸರಕಾರಕ್ಕೆ ಅವನ ಮೇಲೆ ಅದೇನು ಪ್ರೀತಿಯೋ, ಒಂದೂರಿನಲ್ಲಿ ನೀರು ಬಾಯಿಗೆ ಹತ್ತುವಷ್ಟರಲ್ಲಿ ವರ್ಗಾವಣೆಯ ಕಾಗದ ಬರುತ್ತಿತ್ತು. ಹೀಗೆ ಅವನು ಹದಿಮೂರು ಬಾಡಿಗೆ ಮನೆ ಕಂಡ. ಹದಿಮೂರು ಮನೆಯ ಸೋರುವ ಮಾಳಿಗೆ, ಸವಳು ಬಾವಿ, ಕಿರಿಕಿರಿ ಮಾಲಕರನ್ನು ಅನುಭವಿಸಿದವನಿಗಿಂತ ಮನೆಯ ವಿಷಯ ಬಲ್ಲವರು ಯಾರು? ಎಂಬತ್ತರ ದಶಕದ ಹೊತ್ತಿಗೆ ಆಳಂದದಲ್ಲಿ ಮನೆ ಕೊಳ್ಳುವವರು ಮೊದಲು ಮಾಸ್ತರರ ಹತ್ತಿರ ಬಂದು, ಆಮೇಲೆ ದಲ್ಲಾಳಿಯ ಹತ್ತಿರ ಹೋಗುತ್ತಿದ್ದರು.

ಉಳಿದವರು ಮನೆ ನೋಡುವುದು ಹೇಗೆ ಹೇಳಿ. ಬಾವಿಯಲ್ಲಿ ಇಣುಕುತ್ತಾರೆ, ಜಂತಿಗಳನ್ನು ಬೆರಳಿನಿಂದ ಬಡಿದು ಕಿವಿ ಇಡುತ್ತಾರೆ, ಬಾಗಿಲು ಯಾವ ದಿಕ್ಕಿಗಿದೆ ಎಂದು ಸೂರ್ಯನನ್ನು ಹುಡುಕುತ್ತಾರೆ. ಮಾಮಾ ಇದಾವುದನ್ನೂ ಮಾಡುತ್ತಿರಲಿಲ್ಲ.

“ಮನಿ ನೋಡಾಕ ಹೋದವರು ಮೊದಲ ಕಣ್ಣು ಮುಚ್ಕೋಬೇಕಲೇ ತಮ್ಮಾ,” ಅನ್ನುತ್ತಿದ್ದ. “ಸುಣ್ಣ ಬಡಿಯೂದು ಕಣ್ಣಿಗೆ. ನಿದ್ದಿಗೆ ಯಾರೂ ಸುಣ್ಣ ಬಡಿಯಾಕ ಆಗೂದಿಲ್ಲ. ಒಂದು ಮಧ್ಯಾಹ್ನ ಆ ಮನ್ಯಾಗ ಮಲಗಿ ನೋಡಬೇಕು.”

ಹೀಗೆ ಹೇಳಿ ತಲೆದಿಂಬು ಕಂಕುಳಲ್ಲಿ ಇರುಕಿಕೊಂಡು ಹೊರಡುತ್ತಿದ್ದ. ಅದಕ್ಕೆ ಅವನ ಹೆಂಡತಿ, ನಮ್ಮ ಅತ್ತೆ, ಮದುವೆಯಾದ ಹೊಸತರಲ್ಲಿ ಕಸೂತಿ ಹಾಕಿದ ಗವಸು. ಎರಡು ಗಿಳಿ ಎದುರುಬದರು ಕೂತಿದ್ದವು. ಮಾಮಾನ ತಲೆಯ ಎಣ್ಣೆ ಕುಡಿದು ಕುಡಿದು ಒಂದು ಗಿಳಿ ಪೂರಾ ಕಪ್ಪಾಗಿ ಕಾಗೆಯ ಜಾತಿಗೆ ಸೇರಿತ್ತು. ಆ ದಿಂಬು ಬಜಾರಿನಲ್ಲಿ ಕಂಡರೆ ಸಾಕು, ಅಂಗಡಿಯವರು ತಕ್ಕಡಿ ಬಿಟ್ಟು ಕೇಳುತ್ತಿದ್ದರು, “ಯಾವ ಓಣ್ಯಾಗ ಮನಿ ಮಾರಾಟಕ್ಕ ಬಂದದ್ರಿ ಮಾಸ್ತರ?” ಒಮ್ಮೆ ಅವನ ಅತ್ತೆ, ಅಂದರೆ ನಮ್ಮ ಅತ್ತೆಯ ತಾಯಿ, ಸರಕಾರಿ ದವಾಖಾನೆಯಲ್ಲಿದ್ದಳು. ಆಕೆಗೆಂದು ಇದೇ ದಿಂಬು ಒಯ್ಯುತ್ತಿದ್ದಾಗ ಪಾನಿನ ಅಂಗಡಿಯವ ಗಾಬರಿಯಾಗಿ ಎದ್ದು ನಿಂತ. “ಏನ್ರಿ ಮಾಸ್ತರ, ದವಾಖಾನಿನೂ ಮಾರಾಕತ್ತಾರೇನ್ರಿ?”

ಊರಿನವರ ಮನೆಯನ್ನೆಲ್ಲ ಪಾಸು ನಾಪಾಸು ಮಾಡುವ ಈ ಮನುಷ್ಯ ತನಗೊಂದು ಮನೆ ಮಾತ್ರ ಮಾಡಿಕೊಂಡಿರಲಿಲ್ಲ. ನೋಡಲಿಲ್ಲ ಅಂತಲ್ಲ, ನೋಡಿದ. ಒಂದರಲ್ಲಿ ಗೋಡೆ ಬೆವರುತ್ತದೆ ಅಂದ, ಇನ್ನೊಂದರಲ್ಲಿ ಮಗ್ಗುಲವರು ಜಗಳಗಂಟರು ಅಂದ. ಮನೆ ಗೊತ್ತಾದರೆ ಮುಂಗಡವಾಗಿ ಇಸಾರ ಕೊಡಲೆಂದು ಎತ್ತಿಟ್ಟ ನೋಟು ಅವನ ಒಳಜೇಬಿನಲ್ಲಿ ಮಡಿಕೆಯಾಗಿ ಮಡಿಕೆಯಾಗಿ, ಮೂಲೆಗಳು ಸವೆದಿದ್ದವು.

ಅತ್ತೆಗೆ ಬೇಕಾಗಿದ್ದದ್ದು ಅದೊಂದೇ. ಬಂಗಾರ ಕೇಳಿದವಳಲ್ಲ, ಒಳ್ಳೆಯ ಸೀರೆ ಕೇಳಿದವಳಲ್ಲ. “ಮಂದಿ ಮನ್ಯಾಗ ಗಡದ್ದ ನಿದ್ದಿ ಮಾಡ್ತೀರಿ,” ಅನ್ನುತ್ತಿದ್ದಳು. “ನನಗೊಂದು ಮನಿ ಮಾಡಿಕೊಡ್ರಿ ಅಂದಕೂಡಲೇ ನಿಮಗ ಎಚ್ಚರ ಆಗ್ತದ ನೋಡ್ರಿ.”

ಅತ್ತೆ ಹಗಲು ಮಲಗಿದ್ದನ್ನು ನಾನು ಕಂಡೇ ಇಲ್ಲ. ಊಟವಾದ ಮೇಲೆ ಗೋಡೆಗೆ ಒರಗಿ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತ ಕೂರುತ್ತಿದ್ದಳು, ಮೈಯಲ್ಲಿ ಆರಾಮಿಲ್ಲದಾಗಲೂ. ಯಾಕೆಂದು ಕೇಳಿದರೆ ನಗುತ್ತ ಜೇವರ್ಗಿಯ ಕತೆ ಹೇಳುತ್ತಿದ್ದಳು. ಅದು ಅವರ ಮೊದಲನೆಯ ಬಾಡಿಗೆ ಮನೆ. ಒಂದು ಮಧ್ಯಾಹ್ನ ಜ್ವರ ಬಂದು ಪಡಸಾಲೆಯಲ್ಲಿ ಮಲಗಿದ್ದಳಂತೆ. ಮನೆಯ ಮಾಲಕಿ ಬಾಗಿಲು ತಳ್ಳಿಕೊಂಡು ಒಳಗೇ ಬಂದು, “ನಮ್ಮ ಮನಿ ಬಾಡಗಿ ಕೊಟ್ಟದ್ದು ಹಗಲೆಲ್ಲ ಬಿದ್ಕೊಳ್ಳಾಕೇನ ಬೇ?” ಅಂದಳಂತೆ. ಅತ್ತೆ ಎದ್ದು ಸೆರಗು ಸುತ್ತಿ, ಬೆಳಗ್ಗೆ ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಿದಳು. ಮಾಮಾ ಶಾಲೆಯಿಂದ ಬಂದಾಗ ಅವಳ ಮೈ ಕೆಂಡವಾಗಿತ್ತು, ಕೈಯಲ್ಲಿ ಕಸಬರಿಗೆ ಇತ್ತು. ಉಳಿದ ಹನ್ನೆರಡು ಮನೆಗಳಲ್ಲಿ ಅವಳು ಹಗಲು ನೆಲಕ್ಕೆ ಮೈ ಹಚ್ಚಲಿಲ್ಲ. “ಮಂದಿ ಮನಿ. ಯಾವಾಗ ಬಾಗಲಾ ನೂಕ್ತಾರೋ ಯಾರು ಬಲ್ಲರು?”

ಈ ಕತೆ ಶುರುವಾದರೆ ಮಾಮಾ ಚಪ್ಪಲಿ ಹುಡುಕಲು ಹೊರಗೆ ಹೋಗುತ್ತಿದ್ದ. ಕಾಲಲ್ಲೇ ಇರುತ್ತಿದ್ದವು.

ಇನ್ನು ಅವನ ನಿದ್ದೆಯ ಕತೆಗೆ ಬರೋಣ. ಅತನೂರಿನ ಗೌಡರೊಬ್ಬರು ಮಕ್ಕಳ ಓದಿಗೆಂದು ಆಳಂದದಲ್ಲಿ ಮನೆ ಕೊಳ್ಳಲು ಬಂದರು. ಮಾಮಾನನ್ನು ಮಲಗಿಸಲು ಕರೆದುಕೊಂಡು ಹೋದರು. ಮಾಮಾ ಹನ್ನೆರಡಕ್ಕೆ ಮಲಗಿದವನು ದೀಪ ಹಚ್ಚುವ ಹೊತ್ತಿಗೆ ಎದ್ದ. ಮಾಲಕ ಇದನ್ನೆಲ್ಲ ನೋಡಿ ಕೂಡಲೇ ರೇಟು ಏರಿಸಿಬಿಟ್ಟ. “ಮಾಸ್ತರರಿಗೇ ಇಂಥಾ ನಿದ್ದಿ ಬರೂ ಮನಿ, ಮೊದಲಿನ ರೇಟಿಗೆ ಹ್ಯಾಂಗ ಕೊಡ್ಲಿ?” ಗೌಡರು ದಾರಿಯುದ್ದಕ್ಕೂ ಗೊಣಗಿದರು. “ನಿಮ್ಮ ಒಂದು ನಿದ್ದಿಗೆ ನನ್ನ ಎರಡು ಚೀಲ ತೊಗರಿ ಹೋತ್ರಿ ಮಾಸ್ತರ.” ಅಂದಿನಿಂದ ಮಾಮಾ ಜಾಣನಾದ. ಮನೆ ಎಷ್ಟೇ ಚೆನ್ನಾಗಿರಲಿ, ಸೊಂಟ ಹಿಡಿದುಕೊಂಡು, ಮುಖ ಕಿವುಚಿಕೊಂಡೇ ಏಳುತ್ತಿದ್ದ.

ಮಾರುವವರೂ ಏನು ದಡ್ಡರೇ? ಅಫಜಲಪುರದಲ್ಲಿ ಒಬ್ಬರು ಮಾಮಾ ಬರುತ್ತಾನೆಂದು ತಿಳಿದು ಹೊಸ ಗಾದಿ ಹಾಸಿದರು, ಮಕ್ಕಳನ್ನು ಅಜ್ಜಿಯ ಊರಿಗೆ ಅಟ್ಟಿದರು, ಮಗ್ಗುಲ ಮನೆಯ ಆಡನ್ನು ಎರಡು ಓಣಿ ಆಚೆ ಕಟ್ಟಿಸಿದರು. ಮಾಮಾ ಗಾದಿಯ ಮೇಲೆ ರಾಜನ ಹಾಗೆ ಮಲಗಿ, ಎದ್ದು, ಕೊಳ್ಳುವವನನ್ನು ಹೊರಗೆ ಕರೆದು ಹೇಳಿದ, “ಬ್ಯಾಡ. ಬಾವಿ ಯುಗಾದಿಗೇ ಬತ್ತತದ.” ವಿಚಾರಿಸಿದರೆ ಖರೇನೇ!

ಮಣ್ಣೂರಿನಲ್ಲಿ ಇನ್ನೂ ಚೋದ್ಯವಾಯಿತು. ಮೂವರು ಅಣ್ಣತಮ್ಮಂದಿರು ಸೇರಿ ಹಿರಿಯರ ಮನೆ ಮಾರಲು ನಿಂತಿದ್ದರು. ಮಾಮಾ ಕಣ್ಣು ಮುಚ್ಚಿ ಅರ್ಧ ತಾಸೂ ಆಗಿರಲಿಲ್ಲ, ತಟ್ಟನೆ ಎದ್ದು ಕೂತು, “ತೀರಿಕೊಂಡ ಅಣ್ಣನ ಹೆಂಡ್ತಿ ಸಹಿ ಎಲ್ಲೈತಿ? ಮೊದಲ ಆ ತಾಯಿನ ಕೇಳ್ರಿ, ಆಮ್ಯಾಲೆ ನಮ್ಮನ್ನ ಕರೀರಿ,” ಅಂದ. ಮೂವರ ಮುಖವೂ ಬೆಳ್ಳಗಾಯಿತು. ಅಂಥ ಅತ್ತಿಗೆ ಒಬ್ಬಳಿದ್ದಾಳೆಂದು ಅವರು ಯಾರಿಗೂ ಹೇಳಿರಲೇ ಇಲ್ಲ.

ಇದಾದ ಮೇಲೆ ಮಾಮಾನ ಹೆಸರು ಎಲ್ಲಿಗೋ ಹೋಗಿ ಮುಟ್ಟಿತು. ಮಾಸ್ತರರ ಕನಸಿನಲ್ಲಿ ಮನೆಯೇ ಬಂದು ಕೂತು ತನ್ನ ಸುಖದುಃಖ ಹೇಳಿಕೊಳ್ಳುತ್ತದೆ ಎಂದು ಜನ ಮಾತಾಡಿಕೊಂಡರು. ಮಾಮಾ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಚಹಾ ಮಾತ್ರ ಕುಡಿದ.

ಗುಟ್ಟು ನನಗೆ ತಿಳಿದದ್ದು ನಾನೇ ಮನೆ ಕೊಳ್ಳಲು ಹೊರಟಾಗ. ಆಳಂದದಲ್ಲಿ ಕಚೇರಿಯ ಗುಮಾಸ್ತನಾಗಿದ್ದೆ, ಹೊಸದಾಗಿ ಮದುವೆಯಾಗಿತ್ತು. ಹಿಂದಿನ ಓಣಿಯಲ್ಲಿ ಒಂದು ಮನೆ ನೋಡಿ ಮನಸ್ಸು ಕೊಟ್ಟಿದ್ದೆ. ಸಾಗವಾನಿ ಬಾಗಿಲು, ಪರಸಿ ಕಲ್ಲು ಹಾಸಿದ ಪಡಸಾಲೆ. ಮಾಮಾ ಬಂದ, ಅವರ ಮನೆಯ ಎಣಗಾಯಿ ಪಲ್ಯ ರೊಟ್ಟಿ ಉಂಡ, ಗಿಳಿಯ ಮೇಲೆ ತಲೆ ಇಟ್ಟು ಗೊರಕೆ ಶುರು ಮಾಡಿದ. ಮಾಲಕ ಬಜಾರಿಗೆ ಹೋದ. ನಾನು ಕಂಬಕ್ಕೆ ಒರಗಿ ತೂಕಡಿಸುತ್ತಿದ್ದೆ. ಒಳಗೆ ಆ ಮನೆಯ ಅತ್ತೆ ಸೊಸೆ ಪಾತ್ರೆ ತಿಕ್ಕುತ್ತಿದ್ದರು.

“ಅತ್ಯಾ, ಈ ಮಂದಿ ತಗೋತಾರಂತೇನ್ರಿ?” ಸೊಸೆ ಕೇಳಿದಳು.

“ತಗೊಂಡ್ರ ಪಾಡಾತು ಯವ್ವಾ,” ಅಂದಳು ಆ ಮನೆಯ ಹಿರಿಯಳು. “ಇನ್ನೊಂದು ಮಳಿಗಾಲ ಸೋರೂ ನೀರಿಗೆ ಮನಿ ತುಂಬ ಬೋಗಾಣಿ ಇಟ್ಟುಕೊಂಡು ಕುಂದ್ರೂದು ನನ್ನ ಕೈಲೆ ಆಗೂದಿಲ್ಲ.”

ಮಾಮಾನ ಗೊರಕೆ ನಡುವೆಯೇ ನಿಂತುಹೋಯಿತು. ನಾನು ನೋಡಿದೆ. ಒಂದು ಕಣ್ಣು ಎಳ್ಳಷ್ಟು ತೆರೆದು, ನನ್ನನ್ನು ನೋಡಿ, ಮತ್ತೆ ಮುಚ್ಚಿತು. ಗೊರಕೆ ಮೊದಲಿಗಿಂತ ಜೋರಾಗಿ ಮುಂದುವರಿಯಿತು.

ದಾರಿಯಲ್ಲಿ ಹಿಡಿದು ಕೇಳಿದೆ. ಮಾಮಾ ಸ್ವಲ್ಪವೂ ನಾಚಲಿಲ್ಲ. “ಮನಿ ಮಾರೂದು ಗಂಡಸರು, ಪಡಸಾಲ್ಯಾಗ ಕುಂತು. ಮನಿ ಹ್ಯಾಂಗದ ಅಂಬೂದು ಗೊತ್ತಿರೂದು ಹೆಣ್ಣುಮಕ್ಕಳಿಗೆ. ಅವರನ್ನ ನಾವು ಕೇಳಾಕ ಬರೂದಿಲ್ಲ, ಅವರು ನಮ್ಮ ಮುಂದ ಹೇಳಾಕ ಬರೂದಿಲ್ಲ. ಬಂದ ಮಂದಿ ಮಲಗ್ಯಾರ ಅಂದಕೂಡಲೇ ಅಡಗಿ ಮನ್ಯಾಗ ಖರೇ ಮಾತು ಸುರು ಆಗ್ತಾವ. ನಾ ಸುಮ್ಮನ ಬಿದ್ದು ಕೇಳ್ತೇನಿ, ಅಷ್ಟೇ.”

“ಹಂಗಾದ್ರ ಇಷ್ಟು ವರ್ಷದಾಗ ನೀ ಒಮ್ಮೆನೂ ನಿದ್ದಿ ಮಾಡಿಲ್ಲೇನು?”

ಮಾಮಾ ದಿಂಬನ್ನು ಇನ್ನೊಂದು ಕಂಕುಳಿಗೆ ದಾಟಿಸಿದ. “ಅತನೂರ ಗೌಡ್ರು ಕರಕೊಂಡು ಹೋಗಿದ್ರಲ್ಲ, ಆವತ್ತೊಂದಿನ ಹತ್ತಿತಲೇ. ಹೋಳಿಗಿ ಮಾಡಿದ್ರು.”

ಆದರೆ ಅವನ ಆ ಕಿವಿಯೇ ಅತ್ತೆಗೆ ವೈರಿಯಾಗಿತ್ತು. ಯಾವ ಮನೆಯ ಅಡಿಗೆಮನೆಯಲ್ಲಿ ದೂರು ಇರುವುದಿಲ್ಲ? ಊರಿನವರಿಗೆ ‘ಇಷ್ಟು ತಪ್ಪಿದ್ದರೆ ನಡೀತದ’ ಅನ್ನುತ್ತಿದ್ದವನು ತನ್ನ ಹೆಂಡತಿಯ ಮನೆಗೆ ಮಾತ್ರ ಒಂದು ಕೂದಲಿನಷ್ಟು ಐಬು ಸಹಿಸಲಿಲ್ಲ. “ಒಮ್ಮೆ ಮೋಸ ಹೋಗಿದ್ದೆ, ಅಕಿ ಜ್ವರದಾಗ ಕಸ ಹೊಡದಾಳ, ಇನ್ನೊಮ್ಮೆ ಹಂಗ ಆಗಬಾರದು,” ಅಂತ ನನ್ನ ಮುಂದೆ ಒಂದೇ ಸಲ ಅಂದಿದ್ದ.

ಅವನ ನಿವೃತ್ತಿಗೆ ಕೆಲವೇ ತಿಂಗಳಿದ್ದಾಗ ಬಾಡಿಗೆ ಮನೆಯ ಮಾಲಕ ಬಂದು, ಮಗನ ಮದುವೆ ಇದೆ, ಯುಗಾದಿಯೊಳಗೆ ಬಿಟ್ಟುಕೊಡಿ ಅಂದ. ಹದಿನಾಲ್ಕನೆಯ ಬಾಡಿಗೆ ಮನೆ ಹುಡುಕಲು ಮಾಮಾ ಎದ್ದಾಗ ಅತ್ತೆ ಮೊರ ಕೆಳಗಿಟ್ಟಳು.

“ಇನ್ನೊಂದು ಬಾಡಗಿ ಮನಿಗೆ ನಾ ಕಾಲಿಡೂದಿಲ್ಲ. ಮಾರೂ ಮನಿ ಇದ್ರ ನೋಡ್ರಿ. ಈ ಸಲ ನಾನೂ ಬರ್ತೇನಿ.” ನಗಲಿಲ್ಲ ಅವಳು.

ತೊಗರಿ ವ್ಯಾಪಾರಿಯೊಬ್ಬನ ಹಳೆಯ ಮನೆ ಮಾರಾಟಕ್ಕಿತ್ತು. ಅವನು ದೊಡ್ಡ ಮನೆ ಕಟ್ಟಿಸಿಕೊಂಡು ಹೋಗಿ ಎರಡು ತಿಂಗಳಾಗಿತ್ತು. ನಾನು, ಮಾಮಾ, ಅತ್ತೆ, ದಿಂಬು ಹೊರಟೆವು. ಹೋಗಿ ನೋಡಿದರೆ ಮನೆ ಖಾಲಿ! ಕೀಲಿ ತೆಗೆಯಲು ಬಂದ ವ್ಯಾಪಾರಿಯ ಹೊರತು ಒಂದು ನರಪಿಳ್ಳೆಯಿಲ್ಲ. ಅಡಿಗೆಮನೆಯಲ್ಲಿ ಮಾತಾಡುವವರೇ ಇಲ್ಲದ ಮೇಲೆ ಮಲಗಿ ಏನು ಕೇಳುವುದು? ಮಾಮಾ ದಿಂಬು ಹಿಡಿದುಕೊಂಡು ದಿಕ್ಕು ತಪ್ಪಿದವನಂತೆ ನಿಂತ. ಆಮೇಲೆ, ಜೀವನದಲ್ಲಿ ಮೊದಲ ಸಲ, ಕಣ್ಣು ತೆರೆದು ಮನೆ ನೋಡತೊಡಗಿದ. ಕಂಡದ್ದೆಲ್ಲ ಐಬೇ. ಬಡಗಣ ಗೋಡೆ ಉಬ್ಬಿತ್ತು. ಒಂದು ಜಂತಿಗೆ ಗೆದ್ದಲು ಹತ್ತಿತ್ತು. ಎಲ್ಲಕ್ಕಿಂತ ಮೇಲೆ, ಮಗ್ಗುಲಿಗೇ ಹಿಟ್ಟಿನ ಗಿರಣಿ. ಅದು ಹೊಡೆದುಕೊಳ್ಳುವ ಸದ್ದಿಗೆ ಗೋಡೆಯ ಸುಣ್ಣ ಉದುರುತ್ತಿತ್ತು.

ಹಿತ್ತಲಿನ ಬಾವಿಯ ಹತ್ತಿರ ನಿಂತು ಮಾಮಾ ಒಂದೊಂದೇ ಐಬು ಎತ್ತಿ ಆಡಿದ. ವ್ಯಾಪಾರಿಯೂ ಸೋಲುವವನಲ್ಲ. ಗಿರಣಿಯ ಸದ್ದಿನಲ್ಲಿ ಇಬ್ಬರೂ ಕೂಗಾಡಿ ಕೂಗಾಡಿ ಗಂಟಲು ಬಿದ್ದುಹೋಯಿತು. ಕೊನೆಗೆ ಮಾಮಾ, “ಇದು ಆಗೂದಿಲ್ರಿ,” ಎಂದು ತಿರುಗಿದ. ಅತ್ತೆಯನ್ನು ಕರೆಯಲು ಒಳಗೆ ಬಂದೆವು.

ಅತ್ತೆ ಪಡಸಾಲೆಯ ಬರೀ ಪರಸಿಯ ಮೇಲೆ ಮಲಗಿದ್ದಳು. ಗೋಡೆಗೆ ಒರಗಿ ಕೂತವಳು ಹಾಗೆಯೇ ಜಾರಿರಬೇಕು. ಒಂದು ಕೈ ತಲೆಯ ಕೆಳಗೆ, ಕಾಲು ಉದ್ದಕ್ಕೆ ಚಾಚಿದ್ದವು, ಬಾಯಿ ಸ್ವಲ್ಪ ತೆರೆದಿತ್ತು. ಆ ಗಿರಣಿ ಅಷ್ಟು ಹೊಡೆದುಕೊಳ್ಳುತ್ತಿದ್ದರೂ ಅವಳಿಗೆ ಎಚ್ಚರವಿರಲಿಲ್ಲ.

ಮಾಮಾ ಅಲ್ಲೇ ನಿಂತುಬಿಟ್ಟ. ವ್ಯಾಪಾರಿ ಹಿಂದಿನಿಂದ ಬಂದು, “ಮಾಸ್ತರ, ಗ್ವಾಡಿ ಬೇಕಾದ್ರ ನಾನೇ...” ಎಂದು ಬಾಯಿ ತೆರೆದಾಗ ಬೆರಳೆತ್ತಿ ಸುಮ್ಮನಾಗಿಸಿದ. ಮೆಲ್ಲಗೆ ಕೂತು, ಅತ್ತೆಯ ತಲೆಯನ್ನು ಎತ್ತಿ, ಕೆಳಗೆ ದಿಂಬು ಸರಿಸಿದ. ಕಪ್ಪಾದ ಗಿಳಿಯ ಕಡೆ ಅಲ್ಲ, ಇನ್ನೂ ಹಸಿರಾಗಿದ್ದ ಗಿಳಿಯ ಕಡೆ. ಆಮೇಲೆ ಒಳಜೇಬಿನ ನೋಟು ತೆಗೆದು ವ್ಯಾಪಾರಿಯ ಕೈಯಲ್ಲಿಟ್ಟ.

“ಇಸಾರ ತಗೋರಿ.”

“ಎಷ್ಟಕ್ಕ ಅಂತ ಮಾತಾಗಿಲ್ಲಲ್ರಿ? ನೀವು ಇನ್ನೂ ಮಲಗೇ ಇಲ್ಲ.”

“ನೀವು ಹೇಳಿದಷ್ಟಕ್ಕ. ಮಲಗೂದು ಆತ್ರಿ. ಹಗೂರ ಮಾತಾಡ್ರಿ.”

ವ್ಯಾಪಾರಿ ಹೋದ. ಮಾಮಾ ಹೊಸ್ತಿಲ ಮೇಲೆ ಅಡ್ಡ ಕೂತ, ಯಾರೂ ಬಾಗಿಲು ತಳ್ಳಿಕೊಂಡು ಒಳಗೆ ಬರದ ಹಾಗೆ. ಯಾರೂ ಬರುವವರಿರಲಿಲ್ಲ. ಆದರೂ ಕೂತ. ಅವನ ಕಣ್ಣು ಒದ್ದೆಯಾಗಿದ್ದವು, ನಾನು ರಸ್ತೆಯ ಕಡೆ ನೋಡಿದೆ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಗಿರಣಿ ನಿಂತಿತು. ಆ ನಿಶ್ಶಬ್ದಕ್ಕೇ ಅತ್ತೆ ಧಡಕ್ಕನೆ ಎದ್ದು ಕೂತು, ಸೆರಗು ಎಳೆದುಕೊಂಡು, ಬಾಗಿಲ ಕಡೆ ಗಾಬರಿಯಿಂದ ನೋಡಿದಳು.

“ಮಾಲಕಿ ಬಂದ್ರೇನ್ರಿ?”

“ಬಂದಾಳ,” ಅಂದ ಮಾಮಾ. “ಈಗಷ್ಟೇ ಎದ್ದು ಕುಂತಾಳ.”

ಅತ್ತೆ ಅವನನ್ನು ನೋಡಿದಳು. ನನ್ನನ್ನು ನೋಡಿದಳು. ತನ್ನ ತಲೆಯ ಕೆಳಗಿದ್ದ ದಿಂಬನ್ನು ನೋಡಿ, ಅದರ ಮೇಲೆ ಒಮ್ಮೆ ಕೈಯಾಡಿಸಿದಳು. ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಮತ್ತೆ ಮಲಗಿ ಕಾಲು ಚಾಚಿದಳು.

“ಹಂಗಾದ್ರ ಬಾಗಲಾ ಮುಂದ ಮಾಡ್ರಿ,” ಅಂದಳು. “ಇನ್ನೊಂದೀಟು ಮಲಗ್ತೇನಿ.”