ಎಕ್ಸ್‌ಟ್ರಾ ಗೋಲಿಯ ಕುರ್ಚಿ

ಎಲ್ಲ ರಗಳೆಗೂ ಮೂಲ ಒಂದು ಪ್ಲಾಸ್ಟಿಕ್ ಕುರ್ಚಿ.

ನೀಲಿ ಬಣ್ಣದ, ಒಂದು ಕಾಲು ತುಸು ಸೊಟ್ಟಗಾದ ಆ ಕುರ್ಚಿ ಪ್ರತಿ ಶುಕ್ರವಾರ ಸಂಜೆ ಗಲ್ಫಿನ ಫಹಾಹೀಲ್ ಊರಿನ ಬಾಡಿಗೆ ಮೈದಾನದ ಪಕ್ಕ, ಶಾಮಿಯಾನದ ನೆರಳಿನಲ್ಲಿ, ತಣ್ಣೀರಿನ ಕ್ಯಾನಿಗೂ ಊಟದ ಮೇಜಿಗೂ ನಡುವೆ ಇರುತ್ತಿತ್ತು. ಅದು ‘ಕರಾವಳಿ ಗೆಳೆಯರು’ ಫುಟ್‌ಬಾಲ್ ತಂಡದ ಎಕ್ಸ್‌ಟ್ರಾ ಗೋಲಿ ಕೂರುವ ಕುರ್ಚಿ. ಆದರೆ ಅದರಲ್ಲಿ ಯಾರೂ ಕೂರುತ್ತಿರಲಿಲ್ಲ, ಯಾಕೆಂದರೆ ತಂಡದಲ್ಲಿ ಎಕ್ಸ್‌ಟ್ರಾ ಗೋಲಿಯೇ ಇರಲಿಲ್ಲ. ಇದ್ದದ್ದು ಒಬ್ಬನೇ ಗೋಲಿ, ಅಂದರೆ ಗೋಲ್‌ಕೀಪರ್, ಡೊಮಿನಿಕ್ ಮಥಾಯಸ್.

ಡೊಮಿನಿಕ್‌ಗೆ ನಲವತ್ತೇಳು ವರ್ಷ. ಮಂಗಫ್‌ನಲ್ಲಿ ಮನೆ, ಒಂದು ಕಾಂಟ್ರಾಕ್ಟ್ ಕಂಪನಿಯಲ್ಲಿ ಸ್ಟೋರ್‌ಕೀಪರ್ ಕೆಲಸ. ಮೂರು ವರ್ಷದ ಹಿಂದೆ ಅಧ್ಯಕ್ಷ ಹಸನಬ್ಬ ಅವನನ್ನು ಎಡದಿಂದ ಬಲಕ್ಕೆ ಒಮ್ಮೆ ಅಳೆದು ನೋಡಿ, “ನೀನು ಸುಮ್ಮನೆ ನಿಂತ್ರೆ ಸಾಕು ಮಾರಾಯ, ಅರ್ಧ ಗೋಲು ಮುಚ್ಚಿ ಹೋಗ್ತದೆ” ಎಂದಿದ್ದ. ಉಳಿದರ್ಧದಲ್ಲಿ ಚೆಂಡು ನುಗ್ಗಿದಾಗಲೆಲ್ಲ ಬೈಗುಳ ಮಾತ್ರ ಇಡಿಯಾಗಿ ಡೊಮಿನಿಕ್‌ಗೇ. ಲಿಫ್ಟಿನಲ್ಲಿ, ಚರ್ಚಿನ ಮೆಟ್ಟಿಲಲ್ಲಿ, ಕಂಪನಿ ಬಸ್ಸಿನಲ್ಲಿ ಮುಂದಿನ ಶುಕ್ರವಾರದವರೆಗೂ ವಿಚಾರಣೆ. ಹನ್ನೊಂದು ಜನ ಸೇರಿ ಸೋತರೂ ಗಲ್ಲು ಒಬ್ಬನಿಗೇ! ಅವನಿಗೆ ಕಪ್ ಬೇಡ, ಹೆಸರು ಬೇಡ. ಬೇರೆ ಗೋಲಿ ಸಿಕ್ಕರೆ ತಾನು ಎಕ್ಸ್‌ಟ್ರಾ ಆಗಿ ಆ ನೀಲಿ ಕುರ್ಚಿಯಲ್ಲಿ ಕೂತು, ಹೆಂಡತಿ ಅಪೊಲೋನಿಯಾ ಮಾಡಿದ ಇಡ್ಲಿಯಂಥ ಸಾನ್ನ, ಕೋಳಿಸಾರು ತಿನ್ನುತ್ತ ಇನ್ನೊಬ್ಬನನ್ನು ಬೈಯಬೇಕು, ಅಷ್ಟೇ.

ದೇವರು ಕಣ್ಣುಬಿಟ್ಟದ್ದು ಮಗಳು ರಿಯೋನಾಳ ಮೂಲಕ. ರುಮೈಥಿಯಾದಲ್ಲಿರುವ ಅವಳ ಶಾಲೆಗೆ ಪ್ರೋಥರೋ ಎಂಬ ಹೊಸ ಆಟದ ಮೇಷ್ಟ್ರು ಬಂದಿದ್ದರು. ವೇಲ್ಸ್ ದೇಶದವರು, ಅಲ್ಲಿ ಹತ್ತೊಂಬತ್ತು ವರ್ಷ ಸಂಬಳಕ್ಕೆ ಗೋಲಿಯಾಗಿದ್ದವರು! ತಿಮ್ಮರಾಯಪ್ಪನವರ ‘ಕಾವೇರಿ ಬಳಗ’ದ ಜೊತೆಗಿನ ವಾರ್ಷಿಕ ಪಂದ್ಯಕ್ಕೆ ಡೊಮಿನಿಕ್ ಅವರನ್ನೇ ಮುಖ್ಯ ಅತಿಥಿಯಾಗಿ ಒಪ್ಪಿಸಿಬಿಟ್ಟ. ಶಾಲು ಹೊದಿಸಿ ಕೂರಿಸುವುದು, ಆಮೇಲೆ ಅದೇ ಶಾಲು ತೆಗೆದು ಗೋಲಿಗೆ ನಿಲ್ಲಿಸುವುದು, ಇದು ಅವನ ಯೋಜನೆ.

“ಗೆಸ್ಟನ್ನು ಆಡಿಸುವುದಾ?” ಎಂದು ಹಸನಬ್ಬ ಹುಬ್ಬೇರಿಸಿದ. “ಪರಿಚಯ ನೀನೇ ಓದು. ಅದು ಕೇಳಿ ಜನ ಚಪ್ಪಾಳೆ ಹೊಡೆದ್ರೆ ನೋಡುವ.”

“ಪರಿಚಯ ನನಗೆ ಬಿಡು. ಇವತ್ತಿನಿಂದ ಕುರ್ಚಿ ನಂದು ಅಂತ ಬರೆದಿಟ್ಕೊ” ಎಂದ ಡೊಮಿನಿಕ್.

ಶುಕ್ರವಾರ ಬೆಳಿಗ್ಗೆ ಪ್ರೋಥರೋ ವಾಟ್ಸಾಪಿನಲ್ಲಿ ತಮ್ಮ ಬಯೋಡೇಟಾ ಕಳಿಸಿದರು. ಗೋಲಿ. ಹತ್ತೊಂಬತ್ತು ವರ್ಷ, ಐದು ಕ್ಲಬ್ಬು. ಚಹಾ ಇಷ್ಟ. ಇಷ್ಟೇ!

ಅಪೊಲೋನಿಯಾ ಹಿಟ್ಟಿನ ಕೈಯಲ್ಲೇ ಬಂದು ಇಣುಕಿದಳು. “ಎಂತದಿದು, ಮೂರೇ ಸಾಲಾ? ಹೋದ ವರ್ಷ ಬಂದ ಹಲ್ಲಿನ ಡಾಕ್ಟ್ರಿಗೇ ಎರಡು ಪುಟ ಓದಿದ್ದಾರೆ. ಪಾಪ, ಬಿಳಿಯರು ಅಂತ ಅವಮಾನ ಮಾಡ್ಲಿಕ್ಕುಂಟಾ?”

ಮಾತು ನಿಜ. ನಮ್ಮ ಸಭೆಗಳಲ್ಲಿ ಅತಿಥಿಯ ಪರಿಚಯ ಐದು ನಿಮಿಷಕ್ಕೆ ಕಡಿಮೆಯಾದರೆ ಅತಿಥಿಗೇ ಏನೋ ಕಡಿಮೆ ಎಂದು ಅರ್ಥ. ಡೊಮಿನಿಕ್ ಪೆನ್ನು ಹಿಡಿದ. ಐದು ಕ್ಲಬ್ಬು ‘ಐದು ಹೆಸರಾಂತ ಕ್ಲಬ್ಬು’ ಆಯಿತು. ಹತ್ತೊಂಬತ್ತು ವರ್ಷಕ್ಕೆ ‘ಒಂದು ದಿನವೂ ರಜೆ ಪಡೆಯದೆ’ ಸೇರಿತು. ಅಪೊಲೋನಿಯಾ ಒಂದು ಚಿನ್ನದ ಪದಕ ಕೊಡಿಸಿದಳು. ಹಸನಬ್ಬ ಫೋನಿನಲ್ಲಿ, “ಬ್ರೆಜಿಲ್ ಹಾಕು ಮಾರಾಯ, ಬ್ರೆಜಿಲ್ ಇಲ್ಲದೆ ಎಂಥ ಫುಟ್‌ಬಾಲ್?” ಎಂದದ್ದರಿಂದ ಪ್ರೋಥರೋ ಬ್ರೆಜಿಲ್ ವಿರುದ್ಧ ಒಂದೇ ಪಂದ್ಯದಲ್ಲಿ ಮೂರು ಪೆನಾಲ್ಟಿ ಹಿಡಿದರು.

“ಡ್ಯಾಡಾ, ಸರ್ ಟೋಲ್ಡ್ ಅಸ್ ಹಿ ಮೋಸ್ಟ್ಲಿ...” ಎಂದು ರಿಯೋನಾ ಬಾಯಿ ತೆರೆದಳು.

“ದೊಡ್ಡವರು ಬರೀವಾಗ ಮಧ್ಯ ಬಾಯಿ ಹಾಕಬಾರದು” ಎಂದು ಡೊಮಿನಿಕ್ ಬ್ರೆಜಿಲ್‌ಗೆ ಮತ್ತೊಂದು ಪೆನಾಲ್ಟಿ ಸೇರಿಸಿದ.

ಮಧ್ಯಾಹ್ನ ರುಮೈಥಿಯಾಕ್ಕೆ ಕಾರು ಕೊಂಡುಹೋದಾಗ ಪ್ರೋಥರೋ ಗೇಟಿನಲ್ಲೇ ಕಾದಿದ್ದರು. ಅರುವತ್ತರ ಹತ್ತಿರದ ಎತ್ತರದ ಮನುಷ್ಯ. ಚೀಲದಲ್ಲಿ ಒಂದು ಜೊತೆ ಗ್ಲೌಸು, ಒಂದು ಫ್ಲಾಸ್ಕು, ಒಂದು ಚಪ್ಪಟೆ ದಿಂಬು. ಗ್ಲೌಸು ಕೊನೆಯ ಕ್ಲಬ್ಬಿನದಂತೆ, ಇಪ್ಪತ್ತು ವರ್ಷ ಹಳೆಯದು. ಆದರೂ ಈಗಷ್ಟೇ ಅಂಗಡಿಯಿಂದ ತಂದಂತಿತ್ತು. ಎಂಥ ಶಿಸ್ತು ಎಂದು ಸ್ಟೋರ್‌ಕೀಪರ್ ಡೊಮಿನಿಕ್‌ನ ಎದೆ ತುಂಬಿ ಬಂತು. ದಿಂಬು ಯಾಕೆಂದು ಮಾತ್ರ ಕೇಳಲಿಲ್ಲ.

ಏಪ್ರಿಲ್ ಬಿಸಿಲಿನಲ್ಲಿ ಸಭೆ ಶುರುವಾಯಿತು. ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ ಎಲ್ಲ ಪ್ರೋಥರೋ ಮೇಲೆ ಏರಿದವು. ಡೊಮಿನಿಕ್ ಗಂಟಲು ಸರಿಮಾಡಿ ಅಚ್ಚಗನ್ನಡದಲ್ಲಿ ಪರಿಚಯ ಓದತೊಡಗಿದ. ಒಂದಕ್ಷರ ತಿಳಿಯದ ಪ್ರೋಥರೋ ತಮ್ಮ ಹೆಸರು ಬಂದಾಗಲೆಲ್ಲ ತಲೆ ಬಾಗಿಸಿದರು. ಎಲ್ಲೋ ಒಂದು ಕಡೆ “ಇಂಗ್ಲೆಂಡಿನ ಈ ಮಹಾನ್ ಗೋಲಿ” ಎಂದು ಬಂದದ್ದೇ ತಡ, ಪೇಟ ಹಿಡಿದುಕೊಂಡು ಎದ್ದು ನಿಂತು, “ವೇಲ್ಸ್!” ಎಂದು ಗುಡುಗಿದರು.

“ಸರಿಯಾಗಿ ಹೇಳಿದ್ರು” ಎಂದರು ಎದುರು ಸಾಲಿನಲ್ಲಿದ್ದ ತಿಮ್ಮರಾಯಪ್ಪ. “ಕೊಡಗಿನೋರನ್ನ ಮೈಸೂರಿನೋರು ಅಂದ್ರೆ ಸುಮ್ನಿರ್ತಾರೇನ್ರೀ? ಮುಂದಕ್ಕೋದ್ರಿ.”

ನಾಲ್ಕು ಪೆನಾಲ್ಟಿ ಮುಗಿಯುವಾಗ ಜನ ಎದ್ದು ಚಪ್ಪಾಳೆ ತಟ್ಟುತ್ತಿದ್ದರು. ತಾನೇ ಹಾಕಿಸಿದ ಬ್ರೆಜಿಲ್ ಕೇಳಿ ಹಸನಬ್ಬನಿಗೇ ಮೈ ನವಿರೆದ್ದಿತು. “ಇವರು ನಿಲ್ಲಲೇಬೇಕು!” ಎಂದು ಕೂಗಿದವನೂ ಅವನೇ. ತಿಮ್ಮರಾಯಪ್ಪನವರು, “ಆಡ್ಲಿ ಬಿಡ್ರೀ, ಅಂಥೋರ ಕೈಲಿ ಸೋತ್ರೂ ಒಂದು ಗೌರವ” ಎಂದು ದೊಡ್ಡ ಮನಸ್ಸು ಮಾಡಿದರು.

ಡೊಮಿನಿಕ್ ಇಂಗ್ಲಿಷಿನಲ್ಲಿ ವಿಷಯ ಹೇಳಿದಾಗ ಪ್ರೋಥರೋ ಅವರ ಮುಖ ಬಿಳಿಚಿಕೊಂಡಿತು. “ನಾನಾ? ಆಡುವುದಾ?”

“ಹೌದು ಸರ್, ನೀವೇ.”

“ಮೊದಲಿಂದಲೇ?”

“ಮೊದಲಿಂದಲೇ.”

ಅವರು ಎರಡನೇ ಸಲವೂ ಅದನ್ನೇ ಕೇಳಿದರು. ಕಣ್ಣು ಒದ್ದೆಯಾಗಿತ್ತು. ದೊಡ್ಡವರ ವಿನಯ ಎಂದುಕೊಂಡು ಡೊಮಿನಿಕ್ ಅವರನ್ನು ಗೋಲಿನ ಕಡೆ ಮೆಲ್ಲನೆ ದೂಡಿ, ನೇರ ಹೋಗಿ ನೀಲಿ ಕುರ್ಚಿಯಲ್ಲಿ ಕೂತ.

ಆಹಾ! ಕುರ್ಚಿ ಅವನ ಅಳತೆಗೇ ಮಾಡಿಸಿದಂತಿತ್ತು. ಸಮುದ್ರದ ಕಡೆಯ ಗಾಳಿ, ತಟ್ಟೆಯಲ್ಲಿ ಬಿಸಿ ಸಾನ್ನ. ಕೋಳಿಯ ಕಾಲನ್ನು ಕೊನೆಗೆಂದು ಬದಿಗಿಟ್ಟುಕೊಂಡ. ಮೂರು ವರ್ಷದ ಬೈಗುಳವೆಲ್ಲ ಮರೆತುಹೋಯಿತು. ಆ ಸುಖ ಸರಿಯಾಗಿ ನಾಲ್ಕು ನಿಮಿಷ ಇತ್ತು.

ಐದನೇ ನಿಮಿಷ ತಿಮ್ಮರಾಯಪ್ಪನವರು ಬೇರೆ ಯಾರಿಗೋ ಕೊಡಲು ಹೋದ ಚೆಂಡು ಕಾಲು ಜಾರಿ ಗೋಲಿನತ್ತ ಉರುಳಿತು. ಪ್ರೋಥರೋ ಅದನ್ನು ಬಹಳ ಆಸಕ್ತಿಯಿಂದ ನೋಡಿದರು. ಹತ್ತಿರ ಬಂದಾಗ ಮರ್ಯಾದೆಯಿಂದ ದಾರಿ ಬಿಟ್ಟರು. ಎರಡನೆಯದಕ್ಕೆ ಬಲಕ್ಕೆ ಹಾರಿದರು, ಚೆಂಡು ಒಳಗೆ ಹೋದ ಮೇಲೆ. ಮೂರು, ನಾಲ್ಕು.

“ಬ್ರೆಜಿಲಿನವರು ಇದಕ್ಕಿಂತ ಮೆಲ್ಲ ಒದ್ದಿದ್ರಾ?” ಎಂದು ಹಿಂದಿನಿಂದ ಯಾರೋ ಕೇಳಿದರು. ಎಲ್ಲರ ಕಣ್ಣು ಕುರ್ಚಿಯ ಕಡೆ ತಿರುಗಿತು. ಡೊಮಿನಿಕ್ ಸಾನ್ನದ ತಟ್ಟೆಗೆ ತಲೆ ತಗ್ಗಿಸಿದ.

ಹಾಫ್ ಟೈಮಿಗೆ ಕಾವೇರಿ ನಾಲ್ಕು, ಕರಾವಳಿ ಎರಡು. ಹಸನಬ್ಬ ಪರಿಚಯದ ಕಾಗದ ಹಿಡಿದುಕೊಂಡು ಬಂದು, ಬ್ರೆಜಿಲ್ ಪಂದ್ಯ ಯಾವ ವರ್ಷ ಎಂದು ಪ್ರೋಥರೋ ಅವರನ್ನೇ ಕೇಳಿಬಿಟ್ಟ.

“ಬ್ರೆಜಿಲ್ಲಾ?” ಪ್ರೋಥರೋ ಗ್ಲೌಸು ಕಳಚಿದರು. “ನಾನು ಹತ್ತೊಂಬತ್ತು ವರ್ಷದಲ್ಲಿ ಆಡಿದ್ದು ಎರಡು ಪಂದ್ಯ. ಎರಡಕ್ಕೂ ಮುಖ್ಯ ಗೋಲಿಗೆ ಪೆಟ್ಟಾಗಿ ಮಧ್ಯದಲ್ಲಿ ಇಳಿದದ್ದು. ಉಳಿದ ನಾನೂರ ಹನ್ನೆರಡು ಪಂದ್ಯ ಬೆಂಚಿನ ಮೇಲೆ. ಐದು ಕ್ಲಬ್ಬಿನಲ್ಲೂ ನಾನು ಎಕ್ಸ್‌ಟ್ರಾ ಗೋಲಿ.”

ಹಸನಬ್ಬ ಕಾಗದ ಮಡಚಿ ಜೇಬಿಗೆ ಹಾಕಿದ. ಪ್ರೋಥರೋ ಮಾತ್ರ ತಲೆಯೆತ್ತಿಯೇ ಹೇಳಿದರು: “ಅದೂ ಒಂದು ಕೆಲಸವೇ. ಮಳೆಯಲ್ಲಿ ಕೂತು ಕಾಯಬೇಕು, ಆಡುವವನಿಗೆ ಧೈರ್ಯ ತುಂಬಬೇಕು, ಹೊಟ್ಟೆಕಿಚ್ಚು ನುಂಗಬೇಕು. ಮೊದಲಿಂದಲೇ ಆಡು ಎಂದು ನನಗೆ ಹೇಳಿದ ಮೊದಲನೆಯ ಮನುಷ್ಯ ಈ ಡೊಮಿನಿಕ್. ಸಾಯುವವರೆಗೆ ಮರೆಯುವುದಿಲ್ಲ.”

ಡೊಮಿನಿಕ್‌ಗೆ ನಾಚಿಕೆಯಾಯಿತು. ತಾನು ಬೇಡ ಬೇಡ ಎಂದು ಓಡಿಬಂದ ಜಾಗಕ್ಕೆ ಈ ಮನುಷ್ಯ ಆಯುಷ್ಯವಿಡೀ ಆಸೆಪಟ್ಟು ಕೂತಿದ್ದನಲ್ಲ!

“ಐ ಟ್ರೈಡ್ ಟು ಟೆಲ್ ಯು” ಎಂದಳು ರಿಯೋನಾ.

“ಖಲಾಸ್” ಎಂದ ಹಸನಬ್ಬ. “ಡೊಮ್ಮಿ, ಎದ್ದೇಳು. ಗೋಲಿಗೆ ಹೋಗು.”

ಡೊಮಿನಿಕ್ ಹೊಟ್ಟೆಯಲ್ಲಿ ಆರು ಸಾನ್ನ ಹೊತ್ತು ನಡೆದ. ಪ್ರೋಥರೋ ಚೀಲದಿಂದ ದಿಂಬು ತೆಗೆದು ಕುರ್ಚಿಗೆ ಹಾಕಿ, ಸೊಟ್ಟ ಕಾಲಿನಡಿಗೆ ಒಂದು ಚಪ್ಪಟೆ ಕಲ್ಲು ಕೊಟ್ಟು, ಫ್ಲಾಸ್ಕಿನ ಮುಚ್ಚಳ ತಿರುಗಿಸಿದರು. ಆಮೇಲೆ ಆದದ್ದನ್ನು ಫಹಾಹೀಲಿನಲ್ಲಿ ಇನ್ನೂ ಹೇಳುತ್ತಾರೆ.

“ಎಡಕ್ಕೆ, ಡೊಮಿನಿಕ್! ಒಂದು ಹೆಜ್ಜೆ!” ಎಂದು ಪ್ರೋಥರೋ ಕೂಗಿದರು. ಚೆಂಡು ಎಡಕ್ಕೇ ಬಂತು, ಡೊಮಿನಿಕ್‌ನ ಮೊಣಕಾಲಿಗೆ ಬಡಿಯಿತು. “ಅಲ್ಲೇ ನಿಲ್ಲು!” ನಿಂತ, ಎದೆಗೆ ಬಡಿಯಿತು. ನಾನೂರು ಪಂದ್ಯ ಕೂತು ನೋಡಿದ ಕಣ್ಣು ಅದು. ಒದೆಯುವವನ ಸೊಂಟ ತಿರುಗುವಷ್ಟರಲ್ಲೇ ಚೆಂಡಿನ ದಾರಿ ಅವರಿಗೆ ತಿಳಿಯುತ್ತಿತ್ತು. ಇತ್ತ ಹುರುಪೆದ್ದ ಕರಾವಳಿಯವರು ಮೂರು ಗೋಲು ಹೊಡೆದರು. ಐದು–ನಾಲ್ಕು.

ಕೊನೆಯ ನಿಮಿಷ ಕಾವೇರಿ ಬಳಗಕ್ಕೆ ಪೆನಾಲ್ಟಿ. ತಿಮ್ಮರಾಯಪ್ಪನವರೇ ಬಂದರು.

“ಬಲಕ್ಕೆ ಬೀಳು!” ಎಂದು ಕುರ್ಚಿ ಗುಡುಗಿತು.

ಡೊಮಿನಿಕ್ ಹಾರಲಿಲ್ಲ, ಮೊಣಕಾಲು ಕೈಕೊಟ್ಟು ಬಲಕ್ಕೆ ಕುಸಿದ. ಚೆಂಡು ಬಂದು ಆರು ಸಾನ್ನಗಳಿಗೆ ಅಪ್ಪಳಿಸಿ ಹಿಂದಕ್ಕೆ ಹೋಯಿತು.

“ಹೊಟ್ಟೇಲಿ ಪೆನಾಲ್ಟಿ ಹಿಡಿದ್ಬಿಟ್ರಲ್ರೀ!” ಎಂದು ತಿಮ್ಮರಾಯಪ್ಪನವರೇ ಕೈಕೊಟ್ಟು ಎಬ್ಬಿಸಿದರು. ಪೇಟ ಈಗ ಡೊಮಿನಿಕ್‌ನ ತಲೆಗೆ ಬಂತು. ಮೂರು ವರ್ಷದಲ್ಲಿ ಮೊದಲ ಸಲ ಯಾರೂ ಬೈಯಲಿಲ್ಲ. ಹಸನಬ್ಬ ತಬ್ಬಿಕೊಂಡು, “ಎಂತ ಬೇಕು ಕೇಳು ಮಾರಾಯ, ಇವತ್ತು ಇಲ್ಲ ಅನ್ನೂದಿಲ್ಲ” ಎಂದ.

ಡೊಮಿನಿಕ್ ಧೈರ್ಯವಾಗಿಯೇ ಕೇಳಿದ. “ಎಕ್ಸ್‌ಟ್ರಾ ಗೋಲಿಯ ಕುರ್ಚಿ.”

ಹಸನಬ್ಬನ ಕೈ ಸಡಿಲಾಯಿತು. “ಛೆ, ಈಗಷ್ಟೇ ಸಮಿತಿಯಲ್ಲಿ ಪಾಸಾಯ್ತಲ್ಲ. ಪ್ರೋಥರೋ ಸಾಹೇಬರು ಇವತ್ತಿನಿಂದ ನಮ್ಮ ಪರ್ಮನೆಂಟ್ ಎಕ್ಸ್‌ಟ್ರಾ. ಅವರು ಕೂತಿರುವಷ್ಟು ಕಾಲ ನೀನು ಗೋಲಿನಲ್ಲಿ ನಿಲ್ಲಬೇಕು.”

ಡೊಮಿನಿಕ್ ಕುರ್ಚಿಯ ಮುಂದೆ ಹೋಗಿ ನಿಂತ. ಪ್ರೋಥರೋ ಅಕ್ಕರೆಯಿಂದ ನಕ್ಕು, ದಿಂಬನ್ನು ತುಸು ಸರಿಪಡಿಸಿಕೊಂಡರು.

“ಯೋಚನೆ ಮಾಡಬೇಡ. ನನ್ನ ವೃತ್ತಿ ನನಗೆ ಗೊತ್ತು” ಎಂದರು. “ಹತ್ತೊಂಬತ್ತು ವರ್ಷ, ಐದು ಕ್ಲಬ್ಬು, ಈ ಜಾಗದಿಂದ ನನ್ನನ್ನು ಒಬ್ಬನೂ ಎಬ್ಬಿಸಿಲ್ಲ.”

“ಪಾಪ, ಎಷ್ಟು ಒಳ್ಳೆ ಜನ!” ಎನ್ನುತ್ತ ಅಪೊಲೋನಿಯಾ, ಗಂಡ ಕೊನೆಗೆಂದು ಬದಿಗಿಟ್ಟಿದ್ದ ಕೋಳಿಯ ಕಾಲನ್ನು ಅವರ ತಟ್ಟೆಗೆ ಬಡಿಸಿದಳು.