ಷಡ್ಡಕರ ಹವಾಮಾನ ಇಲಾಖೆ

ನಮ್ಮ ಷಡ್ಡಕರು ಮಳೆಯಲ್ಲಿ ತೊಪ್ಪೆಯಾಗಿ ನಿಂತಿದ್ದರೂ, ವೆಬ್‌ಸೈಟು ಹೇಳುವ ತನಕ ಅದನ್ನು ಮಳೆ ಎಂದು ಒಪ್ಪುವವರಲ್ಲ! ಉತ್ಪ್ರೇಕ್ಷೆ ಎನ್ನುತ್ತೀರಾ? ಮಸ್ಕತ್ತಿನ ಅಲ್ ಮವಾಲೇಹ್‌ನ ಅವರ ಫ್ಲ್ಯಾಟಿಗೆ ಒಮ್ಮೆ ಬನ್ನಿ. ಹಾಲಿನಲ್ಲಿ ಆಳೆತ್ತರದ ಕಿಟಕಿಯಿದೆ. ಕಿಟಕಿಯಾಚೆ, ಒಂದು ಕಾಸೂ ಕೇಳದೆ, ಇಡೀ ಆಕಾಶವೇ ಇದೆ. ಇವರು ಆ ಕಿಟಕಿಗೆ ಬೆನ್ನು ಹಾಕಿ, ಪರದೆ ಎಳೆದು, ಲ್ಯಾಪ್‌ಟಾಪಿನಲ್ಲಿ ಅದೇ ಆಕಾಶವನ್ನು ನೋಡುತ್ತ ಕೂತಿರುತ್ತಾರೆ. ಪರದೆ ಯಾಕೆಂದರೆ, "ಹೊರಗಿನ ಬೆಳಕಿಗೆ ಮೋಡ ಸರಿ ಕಾಣುವುದಿಲ್ಲ ಮಾರಾಯ!"

ಇವರು ನನ್ನ ಹೆಂಡತಿಯ ಅಕ್ಕನ ಗಂಡ. ನಮ್ಮ ಕರಾವಳಿಯ ಕಾಪುವಿನ ಕಡೆಯವರು. ನಾನು ಮೈಸೂರಿನವನಾದ್ದರಿಂದ ನನ್ನ ಜೊತೆ ಕನ್ನಡ, ಅಕ್ಕನ ಜೊತೆ ತುಳು, ಲ್ಯಾಪ್‌ಟಾಪಿನ ಜೊತೆ ಮೌನ. ಎರಡೂ ಮನೆಗಳು ಒಂದೇ ಕಟ್ಟಡದಲ್ಲಿವೆ, ಅವರದು ಮೂರನೇ ಮಹಡಿ, ನಮ್ಮದು ಎರಡನೆಯದು. ನನಗೆ ಕೆಲಸ ಮಾತ್ರ ದೂರದ ಬುರೈಮಿಯಲ್ಲಿ. ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಭಾನುವಾರ ಬೆಳಿಗ್ಗೆ ಹೋದರೆ ಗುರುವಾರ ಸಂಜೆ ಮನೆ. ಹಾಗಾಗಿ ವಾರವಿಡೀ ನಮ್ಮ ಮನೆಯ ಗ್ಯಾಸು, ನಲ್ಲಿ, ಮಗಳ ಸ್ಕೂಲ್ ಬಸ್ಸು ಎಲ್ಲವನ್ನೂ ನೋಡಿಕೊಳ್ಳುವವರು ಇವರೇ. ಅದಕ್ಕೆ ಪ್ರತಿಯಾಗಿ ನಾನು ಅವರ ಹವಾಮಾನ ವರದಿ ಕೇಳಬೇಕು, ಅಷ್ಟೇ!

ಅವರ ಲ್ಯಾಪ್‌ಟಾಪಿನ ಪರದೆಯ ಮೇಲೆ ಏನೇನಿರುತ್ತದೆ ಗೊತ್ತೆ? ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ತೋರಿಸುವ ಒಂದು ನಕ್ಷೆ, ಅದರಲ್ಲಿ ಹಸಿರು ನೀಲಿ ಎಳೆಗಳು ಸದಾ ಹರಿದಾಡುತ್ತಿರುತ್ತವೆ. ಮೋಡಗಳ ಉಪಗ್ರಹ ಚಿತ್ರ ಇನ್ನೊಂದರಲ್ಲಿ. ಮಿಂಚು ಎಲ್ಲಿ ಹೊಡೆಯಿತು ಎಂದು ಚುಕ್ಕೆಯಿಡುವುದು ಮತ್ತೊಂದು. ಇವೆಲ್ಲಕ್ಕಿಂತ ಮುಖ್ಯ, ಮುಂದಿನ ಹತ್ತು ದಿನದ ಭವಿಷ್ಯ ಹೇಳುವ ಎರಡು ಮಾಡೆಲ್‌ಗಳು. ಒಂದು ಯೂರೋಪಿನದು, ಒಂದು ಅಮೆರಿಕದ್ದು. ಷಡ್ಡಕರ ಬಾಯಲ್ಲಿ ಇವೆರಡೂ ಮನುಷ್ಯರೇ. "ಅಮೆರಿಕದವನಿಗೆ ಬಾಯಿ ಜಾಸ್ತಿ. ಹತ್ತು ಸಲ ಮಳೆ ಅಂತಾನೆ, ಎರಡು ಸಲ ಬರ್ತದೆ. ಯೂರೋಪಿನವನು ಗಂಭೀರ ಮನುಷ್ಯ. ಸುಮ್ಮನೆ ಮಾತಾಡುವುದಿಲ್ಲ." ಕೇಳಿದವರು ಇಬ್ಬರು ಸೋದರಮಾವಂದಿರ ವಿಷಯ ಎಂದುಕೊಳ್ಳಬೇಕು!

ಕಟ್ಟಡದ ಮಕ್ಕಳಿಗೂ ಈ ಇಬ್ಬರ ಪರಿಚಯ ಚೆನ್ನಾಗಿದೆ. ಜೋರು ಮಳೆಯ ಸೂಚನೆಯಿದ್ದರೆ ಇಲ್ಲಿ ಶಾಲೆಗೆ ರಜೆ ಕೊಡುತ್ತಾರಲ್ಲ, ಪರೀಕ್ಷೆಯ ಹಿಂದಿನ ದಿನ ಮಕ್ಕಳ ಮೆರವಣಿಗೆಯೇ ಮೂರನೇ ಮಹಡಿಗೆ ಹೊರಡುತ್ತದೆ. "ಅಂಕಲ್, ಟುಮಾರೋ ಹಾಲಿಡೇನಾ?" ಇವರು ಕನ್ನಡಕ ಏರಿಸಿ, "ತಡಿ ಮಕ್ಕಳೇ, ಯೂರೋಪಿನ ಹೊಸ ಲೆಕ್ಕ ಇನ್ನೂ ಬರಲಿಲ್ಲ" ಎಂದು ಕಳಿಸುತ್ತಾರೆ. ಒಂದು ದಿನ ಎಂಟು ವರ್ಷದ ನನ್ನ ಮಗಳು ಮುಖ ಬಾಡಿಸಿಕೊಂಡು ಕೆಳಗಿಳಿದು ಬಂದಳು. "ಯೂರೋಪ್ ಈಸ್ ವೆರಿ ಸ್ಟ್ರಿಕ್ಟ್, ಅಪ್ಪಾ. ಓನ್ಲಿ ಅಮೆರಿಕಾ ಗಿವ್ಸ್ ಹಾಲಿಡೇ!"

ಇಷ್ಟೆಲ್ಲ ಸಲಕರಣೆ ಬೇಕಾದಷ್ಟು ಹವಾಮಾನ ಒಮಾನಿನಲ್ಲಿದೆಯೆ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಮೇ ತಿಂಗಳಲ್ಲಿ ಮಸ್ಕತ್ತಿನ ಬಗ್ಗೆ ಹೇಳುವುದಕ್ಕೆ ಏನಿದೆ? ಇವತ್ತು ಬಿಸಿಲು, ನಾಳೆ ಬಿಸಿಲು, ನಾಡಿದ್ದು ಬಿಸಿಲಿನ ಜೊತೆ ಸೆಕೆ. ಆದರೂ ಇವರು ಬೆಳಿಗ್ಗೆ ಆರಕ್ಕೆ ಸರಿಯಾಗಿ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ: "ಇಂದು ಬಿಸಿಲು." ಸಂಜೆ ಇನ್ನೊಂದು: "ಬೆಳಿಗ್ಗೆ ಹೇಳಿದ ಪ್ರಕಾರ ಬಿಸಿಲು ಬಂದಿದೆ." ಈ ಎಲ್ಲ ಬಿಸಿಲುಗಳನ್ನೂ ಸೇರಿಸಿಕೊಂಡು, ತಮ್ಮ ಮುನ್ಸೂಚನೆ ನೂರಕ್ಕೆ ತೊಂಬತ್ತು ಸರಿ ಎಂದು ಎದೆ ತಟ್ಟಿ ಹೇಳುತ್ತಾರೆ!

ಉಳಿದ ಹತ್ತರ ಕಥೆ ಅಕ್ಕನನ್ನು ಕೇಳಬೇಕು. ಡಿಸೆಂಬರಿನ ಒಂದು ಮಧ್ಯಾಹ್ನ ಅಕ್ಕ ಬಾಲ್ಕನಿಯಲ್ಲಿ ಬೆಡ್‌ಶೀಟು ಒಣಹಾಕಿದ್ದರು. ಹನಿ ಬಿದ್ದ ಸದ್ದಾಯಿತು. "ಮಳೆ ಬಂತಾ ನೋಡಿ" ಎಂದು ಅಡುಗೆಮನೆಯಿಂದಲೇ ಕೂಗಿದರು. ಹಾಲಿನಿಂದ ಖಡಾಖಂಡಿತ ಉತ್ತರ ಬಂತು: "ಇಲ್ಲ! ಸೊನ್ನೆ ಮಿಲಿಮೀಟರ್!" ಹತ್ತು ನಿಮಿಷದ ನಂತರ ಅಕ್ಕ ಬಂದು, ನೀರು ತೊಟ್ಟಿಕ್ಕುವ ಬೆಡ್‌ಶೀಟನ್ನು ತಂದು ಅವರ ತೊಡೆಯ ಮೇಲೆ ಹಾಕಿದರು. "ಇದು ಎಷ್ಟು ಮಿಲಿಮೀಟರ್ ಅಂತ ಹೇಳಿ ಈಗ!" ಇವರು ಲ್ಯಾಪ್‌ಟಾಪನ್ನು ಮೊದಲು ಒರೆಸಿದರು. ಆಮೇಲೆ ಶಾಂತವಾಗಿ, "ಇದು ನಮ್ಮ ಬಾಲ್ಕನಿಯದ್ದು ಮಾತ್ರ. ಅಷ್ಟು ಸಣ್ಣದು ಮಾಡೆಲ್‌ಗೆ ಕಾಣುವುದಿಲ್ಲ" ಎಂದರು.

ಆಫೀಸಿನಲ್ಲೂ ಇದೇ ಪಾಡು. ವಾದಿ ಅದಾಯ್ ಎಂಬ ಬಡಾವಣೆಯ ಒಂದು ವಾಹನ ಬಿಡಿಭಾಗಗಳ ಶೋರೂಮಿನಲ್ಲಿ ಅವರಿಗೆ ಸ್ಟೋರಿನ ಉಸ್ತುವಾರಿ. ಇಲ್ಲಿಯ ಬಿಸಿಲಿಗೆ ಕಾರಿನ ವೈಪರ್ ರಬ್ಬರು ಒಣಗಿ ಪುಡಿಯಾಗಿರುತ್ತದೆ. ಅದು ಗೊತ್ತಾಗುವುದು ವರ್ಷದ ಮೊದಲ ಮಳೆಯಲ್ಲೇ, ಆಗ ಎಲ್ಲರೂ ಒಟ್ಟಿಗೆ ಓಡಿ ಬರುತ್ತಾರೆ. ಅದಕ್ಕೇ ಇವರು ಮಾಡೆಲ್ ನೋಡಿಕೊಂಡು ವೈಪರ್‌ಗಳನ್ನು ಶೋರೂಮಿನ ಬಾಗಿಲಿಗೇ ತಂದು ಜೋಡಿಸುತ್ತಾರೆ. ಅಲ್ಲೊಬ್ಬ ಒಮಾನಿ ಡ್ರೈವರ್ ಇದ್ದಾನೆ, ವಯಸ್ಸಾದವನು. ಅವನು ವೈಪರನ್ನೂ ನೋಡುವುದಿಲ್ಲ, ಲ್ಯಾಪ್‌ಟಾಪನ್ನೂ ನೋಡುವುದಿಲ್ಲ. ಹೊರಗೆ ಹೋಗಿ ಬೆಟ್ಟದ ಕಡೆ ನೋಡಿ ಬರುತ್ತಾನೆ. "ಬಾರಿಶ್ ಆಯೇಗಾ?" ಎಂದು ಇವರು ಕೇಳಿದರೆ, "ಇನ್‌ಶಾಲ್ಲಾ" ಎನ್ನುತ್ತಾನೆ, ದೇವರ ಇಚ್ಛೆಯಿದ್ದರೆ ಬಂದೀತು ಎಂದು. ಇವರು ಅದನ್ನೂ ಬಿಡುವವರಲ್ಲ. ತಮ್ಮ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ 'ಐವತ್ತು ಪರ್ಸೆಂಟ್' ಎಂದು ಬರೆದುಕೊಳ್ಳುತ್ತಾರೆ!

ಇಂಥವರ ಮಾನ ಹೋದದ್ದು ಒಂದು ಪಿಕ್‌ನಿಕ್‌ನಿಂದ. ಅಕ್ಟೋಬರ್ ಕೊನೆ, ಸೆಕೆ ಕಡಿಮೆಯಾಗಿತ್ತು. ಗುಂಪಿನ ಹದಿನಾಲ್ಕು ಕುಟುಂಬಗಳು ಶುಕ್ರವಾರ ಸಮುದ್ರ ತೀರಕ್ಕೆ ಹೋಗುವುದೆಂದು ನಿಶ್ಚಯವಾಗಿತ್ತು. ಒಂದು ಮನೆಯಲ್ಲಿ ಪುಳಿಯೋಗರೆ, ಒಂದು ಮನೆಯಲ್ಲಿ ಕೋರಿ ರೊಟ್ಟಿ, ಎಲ್ಲ ತಯಾರು. ಬೆಳಿಗ್ಗೆ ಗುಂಪಿನಲ್ಲಿ ಷಡ್ಡಕರ ಸಂದೇಶ ಬಂತು: "ಸಂಜೆ ನಾಲ್ಕಕ್ಕೆ ಗುಡುಗು ಸಹಿತ ಭಾರಿ ಮಳೆ. ನಲವತ್ತು ಮಿಲಿಮೀಟರ್. ಯಾರೂ ಹೊರಡಬೇಡಿ. ಖಲಾಸ್!" ಪಿಕ್‌ನಿಕ್ ರದ್ದಾಯಿತು. ಹದಿನಾಲ್ಕು ಮನೆಯವರೂ ತಂತಮ್ಮ ಸೋಫಾದಲ್ಲಿ ಕೂತು ಪುಳಿಯೋಗರೆ ತಿಂದರು. ಹೊರಗೆ ನಾಲ್ಕೂ ಆಯಿತು, ಐದೂ ಆಯಿತು. ಸೂರ್ಯ ಫಳಫಳ ಹೊಳೆಯುತ್ತಿದ್ದ!

ಆದದ್ದೇನೆಂದರೆ, ಇವರ ಲ್ಯಾಪ್‌ಟಾಪಿನಲ್ಲಿ ಎರಡು ಊರುಗಳು ಯಾವಾಗಲೂ ತೆರೆದೇ ಇರುತ್ತವೆ. ಒಂದು ಮಸ್ಕತ್ತು, ಇನ್ನೊಂದು ಕಾಪು. ಬೆಳಿಗ್ಗೆ ಕನ್ನಡಕವಿಲ್ಲದೆ ಕಾಪುವಿನದನ್ನು ಓದಿ ಮಸ್ಕತ್ತಿಗೆ ಮಳೆ ಸುರಿಸಿಬಿಟ್ಟಿದ್ದರು! ಇದು ಬಯಲಾದದ್ದು ಮರುದಿನ, ಗುಂಪಿನ ಒಬ್ಬರು ಊರಿಗೆ ಫೋನ್ ಮಾಡಿದಾಗ. ಕಾಪುವಿನಲ್ಲಿ ನಿನ್ನೆ ನಾಲ್ಕಕ್ಕೆ ಸರಿಯಾಗಿ ಗುಡುಗು ಮಳೆಯಂತೆ. ಬೇರೆ ಯಾರಾದರೂ ಆಗಿದ್ದರೆ ಮುಖ ಮುಚ್ಚಿಕೊಳ್ಳುತ್ತಿದ್ದರು. ಇವರು ಗುಂಪಿನಲ್ಲಿ ಬರೆದದ್ದು ಹೀಗೆ: "ನನ್ನ ಮುನ್ಸೂಚನೆ ಸರಿಯೇ ಇತ್ತು. ಊರು ಮಾತ್ರ ಬೇರೆ."

ತಪ್ಪಾಯಿತು ಎಂದು ಅವರು ಹೇಳಲಿಲ್ಲ. ಎಂದೂ ಹೇಳಿದವರೇ ಅಲ್ಲ. ಆದರೆ ಅಂದಿನಿಂದ ಅವರು ಏನು ಹಾಕಿದರೂ, "ಇದು ಯಾವ ಊರಿಗೆ ಸಾರ್?" ಎಂಬ ಪ್ರಶ್ನೆ, ಅದರ ಹಿಂದೆ ಸಾಲು ಸಾಲು ನಗುವ ಮುಖಗಳು. ಮೇಲೆ ನಗುತ್ತಿದ್ದರು, ಒಳಗೆ ಅವರಿಗೆ ನೋವಾಗಿತ್ತು. ಒಂದು ಸಂಜೆ ನನ್ನ ಹತ್ತಿರ ಹೇಳಿದರು. "ಒಂದೇ ಒಂದು ಸಲ ಸರಿಯಾಗಿ ಹೇಳಿ ತೋರಿಸ್ಬೇಕು ಮಾರಾಯ. ದಿನ, ಜಾಗ, ಗಂಟೆ ಮೂರೂ ಸರಿ ಬರ್ಬೇಕು. ಆಮೇಲೆ ಯಾರು ನಗ್ತಾರೆ ನೋಡ್ತೇನೆ." ನಾಲ್ಕು ತಿಂಗಳು ಅದೊಂದಕ್ಕೇ ಕಾದರು.

ಫೆಬ್ರವರಿಯಲ್ಲಿ ಆ ಯೋಗ ಬಂತು. ಗುರುವಾರ ಮಧ್ಯಾಹ್ನ ಮೂರರಿಂದ ಐದರ ಒಳಗೆ, ಬುರೈಮಿಗೂ ಕಡಲ ತೀರದ ಸೊಹಾರಿಗೂ ನಡುವಿನ ಬೆಟ್ಟಗಳಲ್ಲಿ ಭಾರಿ ಮಳೆ! ಅಮೆರಿಕ ಹೇಳಿತು. ಯೂರೋಪೂ ಹೇಳಿತು! ಇಬ್ಬರೂ ಒಂದೇ ಮಾತಾಡಿದ್ದನ್ನು ಅವರು ಅದೇ ಮೊದಲು ಕಂಡದ್ದು. ಮಂಗಳವಾರ ಗುಂಪಿನಲ್ಲಿ ದಿನ, ಜಾಗ, ಗಂಟೆ ಎಲ್ಲ ಬರೆದು, ಕೆಳಗೆ "ಇದು ಒಮಾನಿಗೇ" ಎಂದು ಸೇರಿಸಿದರು.

ಆಮೇಲೆ ಅವರಿಗೆ ನನ್ನ ನೆನಪಾಯಿತು. ಗುರುವಾರ ಆ ಹೊತ್ತಿಗೆ ಆ ರಸ್ತೆಯಲ್ಲಿರುವವನು ನಾನೇ ತಾನೆ?

ಫೋನ್ ಬಂತು. "ನೀನು ಶುಕ್ರವಾರ ಬೆಳಿಗ್ಗೆ ಬಾ. ಗುರುವಾರ ಬೇಡ." ಇಲ್ಲಿಯ ವಾದಿಗಳ ವಿಷಯ ನನಗೂ ಗೊತ್ತು. ವರ್ಷವಿಡೀ ಒಣ ಕಲ್ಲಿನ ಹಳ್ಳ. ಮಳೆ ಎಲ್ಲೋ ಬೆಟ್ಟದ ಮೇಲೆ ಬೀಳುತ್ತದೆ, ನಿಮ್ಮ ತಲೆಯ ಮೇಲೆ ಬಿಸಿಲೇ ಇರುತ್ತದೆ, ನೀರು ಒಮ್ಮೆಲೇ ಬಂದು ರಸ್ತೆಯಲ್ಲಿರುವ ಕಾರನ್ನು ಎತ್ತಿಕೊಂಡು ಹೋಗುತ್ತದೆ. ಆದರೆ ಆ ಸಂಜೆ ಏಳಕ್ಕೆ ಮಗಳ ಮೊದಲ ನೃತ್ಯ ಕಾರ್ಯಕ್ರಮ. ಅದೂ ಅಲ್ಲದೆ, ಹೇಳುತ್ತಿರುವವರು ಯಾರು? ಕಾಪುವಿನ ಮಳೆಯನ್ನು ಮಸ್ಕತ್ತಿಗೆ ತಂದವರು! "ಅಣ್ಣ, ಸರಿಯಾಗಿ ನೋಡಿ, ಕುಂದಾಪುರದ್ದೇನಾದರೂ ಇರಬಹುದು" ಎಂದು ನಕ್ಕುಬಿಟ್ಟೆ. ಅವರು ನಗಲಿಲ್ಲ. "ಹಾಗಾದ್ರೆ ಬೇಗ ಹೊರಡು. ಯಲ್ಲಾ, ನಡಿ" ಎಂದಷ್ಟೇ ಹೇಳಿದರು.

ಬೇಗ ಹೊರಡಲು ಆಗಲಿಲ್ಲ. ಎರಡೂವರೆಗೆ ಬುರೈಮಿ ಬಿಟ್ಟೆ. ಹತ್ತು ಹತ್ತು ನಿಮಿಷಕ್ಕೂ ಕಾರಿನ ಸ್ಪೀಕರಿನಲ್ಲಿ ಅವರ ದನಿ. "ಬಲಗಡೆ ಬೆಟ್ಟದ ಮೇಲೆ ಎಂತ ಕಾಣ್ತದೆ?" ನಮ್ಮ ಹದಿನೈದು ವರ್ಷದ ಒಡನಾಟದಲ್ಲಿ ಅವರು ನಿಜವಾದ ಆಕಾಶದ ಸುದ್ದಿ ಕೇಳಿದ್ದು ಅದೇ ಮೊದಲು!

"ಒಂದು ಮೋಡ ಇದೆ ಅಣ್ಣ."

"ಎಷ್ಟು ದೊಡ್ಡದು?"

"ಒಂದು ಕರವಸ್ತ್ರದಷ್ಟು."

"ತಮಾಷೆ ಬೇಡ ಮಾರಾಯ. ರಸ್ತೆ ತಗ್ಗಿಗೆ ಇಳಿಯುವಲ್ಲಿ ನೀರಿನ ಆಳ ತೋರಿಸುವ ಕಂಬ ಉಂಟಲ್ಲ, ಅಲ್ಲಿ ಒಂದು ಹನಿ ನೀರು ಕಂಡ್ರೂ ನಿಲ್ಲಿಸು. ಆಣೆ ಮಾಡು."

ಆಣೆ ಮಾಡಿದೆ. ಮೂರೂವರೆ ಆಯಿತು, ತಗ್ಗುಗಳೆಲ್ಲ ಒಣಗಿದ್ದವು. ಕರವಸ್ತ್ರದಷ್ಟಿದ್ದ ಮೋಡವೂ ಕರಗಿತ್ತು. ಬೆಟ್ಟ ದಾಟಿ ಸೊಹಾರ್ ತಲುಪಿ, "ಬಂದೆ ಅಣ್ಣ, ಇನ್ನೆಲ್ಲ ಸಮತಟ್ಟು ರಸ್ತೆ" ಎಂದೆ. ಫೋನ್ ಕಟ್ಟಾಯಿತು, ಆಮೇಲೆ ಕರೆಯೂ ಬರಲಿಲ್ಲ. ಪಾಪ, ಮತ್ತೊಮ್ಮೆ ಮಾನ ಹೋಯಿತಲ್ಲ, ಮುಖ ಮರೆಸಿಕೊಂಡಿದ್ದಾರೆ ಎಂದುಕೊಂಡೆ. ದಾರಿಯುದ್ದಕ್ಕೂ ಅವರನ್ನು ಹೇಗೆ ರೇಗಿಸಬೇಕೆಂದು ಯೋಚಿಸುತ್ತ, ಒಬ್ಬನೇ ನಗುತ್ತ ಆರು ಗಂಟೆಗೆಲ್ಲ ಮನೆ ಸೇರಿದೆ.

ಬಾಗಿಲು ತೆಗೆದ ಹೆಂಡತಿ ನಗಲಿಲ್ಲ. "ಭಾವ ಮಧ್ಯಾಹ್ನವೇ ರಜೆ ಹಾಕಿ ನಮ್ಮನೆಗೆ ಬಂದಿದ್ದಾರೆ" ಎಂದು ದನಿ ತಗ್ಗಿಸಿ ಹೇಳಿದಳು. "ಮೂರು ಗಂಟೆಗೆ ಬೆಟ್ಟದ ಮೇಲೆ ಮೋಡ ಬೆಳ್ಳಗೆ ಬೆಳೆಯೋದು ಲ್ಯಾಪ್‌ಟಾಪಲ್ಲಿ ಕಂಡಿತಂತೆ. ದೀಪ ಹಚ್ಚು ಅಂದ್ರು. ದೇವರ ಮುಂದೆ ನಿಂತು ಒಂದೇ ಮಾತು. 'ನನ್ನ ಲೆಕ್ಕ ತಪ್ಪಲಿ, ಇವತ್ತು ನನ್ನ ಲೆಕ್ಕ ತಪ್ಪಲಿ' ಅಂತ. ನೀವು ಸೊಹಾರ್ ಅಂದಾಗ ಫೋನ್ ಇಟ್ಟು ಅತ್ತುಬಿಟ್ರು, ರೀ."

ಅಷ್ಟರಲ್ಲಿ ಅವರೇ ಮುಖ ತೊಳೆದುಕೊಂಡು ಬಂದರು. ಕಣ್ಣು ಕೆಂಪಗಿತ್ತು. ಸೊಹಾರಿನಿಂದ ಕಟ್ಟಿಕೊಂಡು ಬಂದಿದ್ದ ತಮಾಷೆಗಳನ್ನೆಲ್ಲ ಅಲ್ಲೇ ಬಿಟ್ಟು ಅವರ ಹತ್ತಿರ ಹೋದೆ. ಅವರು ನನ್ನ ಎರಡೂ ಭುಜ ಹಿಡಿದು ಅಲುಗಾಡಿಸಿದರು. "ತಪ್ಪಿತು ಮಾರಾಯ! ಪೂರ್ತಿ ತಪ್ಪಿತು! ಒಂದು ಹನಿ ಬೀಳ್ಲಿಲ್ಲ, ಗೊತ್ತುಂಟಾ?" ಎಂದು ಜೋರಾಗಿ ನಕ್ಕರು.

ಸೋಫಾದ ಮೇಲೆ ಅವರ ಫೋನು ಟಿಂಗ್ ಟಿಂಗ್ ಎನ್ನುತ್ತಲೇ ಇತ್ತು. ಎತ್ತಿ ನೋಡಿದೆ. ಐದು ಗಂಟೆ ದಾಟಿದ್ದೇ ಗುಂಪಿಗೆ ಬರೆದಿದ್ದರು: "ನನ್ನ ಇಂದಿನ ಮುನ್ಸೂಚನೆ ತಪ್ಪಾಗಿದೆ. ತಪ್ಪು ನನ್ನದೇ. ಎಲ್ಲರೂ ಧಾರಾಳವಾಗಿ ನಗಬಹುದು." ಅದರ ಕೆಳಗೆ ಹದಿನಾಲ್ಕು ಮನೆಗಳ ನಗುವ ಮುಖಗಳು ಒಂದರ ಮೇಲೊಂದು ಬಂದು ಬೀಳುತ್ತಿದ್ದವು. ಅವರು ನನ್ನ ಪಕ್ಕ ಕೂತು, ಒಂದೊಂದನ್ನೂ ಓದಿ, ಎಲ್ಲರಿಗೂ ಕೈಮುಗಿಯುವ ಚಿತ್ರ ಕಳಿಸುತ್ತಿದ್ದರು.